‘ಎಚ್‌ಜಿಎಚ್ ಬೂಸ್ಟರ್’ ಡಬ್ಬಿಗಳು: ಲೇಬಲ್ ಓದಿ ಕಾಸು ಬಿಚ್ಚಿ

ನಲವತ್ತು ದಾಟಿದವರ ಮೇಲೆ ಕಣ್ಣಿಟ್ಟು ಮಾರುವ ಬೆಳವಣಿಗೆ ಹಾರ್ಮೋನಿನ (ಎಚ್‌ಜಿಎಚ್) ಸರಕು ಮುಖ್ಯವಾಗಿ ನಾಲ್ಕು ಬಗೆ: ನಾಲಿಗೆಯ ಕೆಳಗೆ ಹೊಡೆದುಕೊಳ್ಳುವ ಸ್ಪ್ರೇ, ಅಮೈನೊ ಆಮ್ಲದ ಕ್ಯಾಪ್ಸೂಲ್, ಎಂಕೆ-677 ಎಂಬ ರಾಸಾಯನಿಕ, ಕೊನೆಗೆ ಅಸಲಿ ಹಾರ್ಮೋನಿನ ಇಂಜೆಕ್ಷನ್. ಎಲ್ಲವೂ ಕೊಡುವ ಆಸೆ ಒಂದೇ. ಹೊಟ್ಟೆ ಕರಗುತ್ತೆ, ತೋಳು ತುಂಬುತ್ತೆ. ಮೊದಲ ಎರಡು ಕೆಲಸ ಮಾಡುವುದಿಲ್ಲ. ಕೊನೆಯ ಎರಡು ಮಾಡುತ್ತವೆ, ತೊಂದರೆ ಶುರುವಾಗುವುದೇ ಅಲ್ಲಿ.

ಸ್ಪ್ರೇಯನ್ನು ಬೇಗ ಮುಗಿಸಿಬಿಡೋಣ. ಬೆಳವಣಿಗೆ ಹಾರ್ಮೋನು 191 ಅಮೈನೊ ಆಮ್ಲಗಳ ಪ್ರೋಟೀನ್. ತೂಕ ಸುಮಾರು 22,000 ಡಾಲ್ಟನ್, ಎಂದರೆ ಹೆಚ್ಚುಕಡಿಮೆ ಅಷ್ಟು ಹೈಡ್ರೋಜನ್ ಪರಮಾಣುಗಳ ತೂಕ. ಇಷ್ಟು ದೊಡ್ಡ ಅಣು ಬಾಯಿಯ ಒಳಪದರವನ್ನು ದಾಟಿ ರಕ್ತ ಸೇರದು. ನುಂಗಿದರೆ ತೊಗರಿಬೇಳೆಯ ಪ್ರೋಟೀನಿಗೆ ಆಗುವುದೇ ಇದಕ್ಕೂ ಆಗುತ್ತದೆ: ಜೀರ್ಣ. ಲೇಬಲ್ಲಿನಲ್ಲಿ ‘30ಎಕ್ಸ್’ ಎಂದಿದ್ದರಂತೂ ಬಾಟಲಿಯನ್ನು ಅಲ್ಲೇ ಇಟ್ಟು ಬನ್ನಿ. ಹತ್ತು ಪಟ್ಟು ತೆಳುಮಾಡುವುದನ್ನು 30 ಸಲ ಮಾಡಿದ್ದಾರೆ ಎಂದರ್ಥ. ಶುದ್ಧ ಹಾರ್ಮೋನಿನಿಂದಲೇ ಶುರುಮಾಡಿದ್ದರೂ 30 ಮಿ.ಲೀ.ನ ಸುಮಾರು ನೂರು ಕೋಟಿ ಬಾಟಲಿಗೆ ಒಂದು ಅಣು ಸಿಕ್ಕೀತು.

ಕ್ಯಾಪ್ಸೂಲಿನಲ್ಲಿ ಇರುವುದು ಸಾಮಾನ್ಯವಾಗಿ ಆರ್ಜಿನೀನ್. ಇದು ಹಾರ್ಮೋನನ್ನು ಏರಿಸುತ್ತದೆ ಎಂಬುದು ಸುಳ್ಳಲ್ಲ. ಹಾರ್ಮೋನನ್ನು ಕೆಣಕಿ ಎಷ್ಟು ಏರುತ್ತದೆಂದು ಅಳೆಯುವ ಆಸ್ಪತ್ರೆಯ ಪ್ರಚೋದನಾ ಪರೀಕ್ಷೆಯಲ್ಲಿ ಅದನ್ನೇ ಬಳಸುತ್ತಾರೆ, ಆದರೆ ರಕ್ತನಾಳಕ್ಕೆ, 30 ಗ್ರಾಂವರೆಗೆ, ಅರ್ಧ ಗಂಟೆಯಲ್ಲಿ. 500 ಮಿ.ಗ್ರಾಂ.ನ 60 ಕ್ಯಾಪ್ಸೂಲುಗಳ ಡಬ್ಬಿ ಪೂರ್ತಿ ಖಾಲಿಯಾದರೆ ಅಷ್ಟಾಗುತ್ತದೆ. ಬಾಯಿಂದ ಒಂದೇ ಸಲ 9 ಗ್ರಾಂ ದಾಟಿದರೇ ಹೊಟ್ಟೆ ಕೆಡುವುದುಂಟು. ಏರಿದ್ದೂ ನಿಲ್ಲುವುದಿಲ್ಲ, ಹಾರ್ಮೋನಿನ ಅರ್ಧಾಯುಷ್ಯ ಸುಮಾರು 20 ನಿಮಿಷ. ಅದು ಅಲೆಅಲೆಯಾಗಿ ಹೊಮ್ಮುವಂಥದ್ದು, ಹಗಲಿನ ಬಹುಪಾಲು ಹೊತ್ತು ರಕ್ತದಲ್ಲಿ ಇಲ್ಲವೆಂಬಷ್ಟು ಕಡಿಮೆ. ಜಾಹೀರಾತಿನ ‘ಮೊದಲು–ನಂತರ’ ಗ್ರಾಫ್ ಇದರಲ್ಲೇ ಆಟವಾಡುತ್ತದೆ: ತಗ್ಗಿನಲ್ಲಿ ಒಂದು ಸ್ಯಾಂಪಲ್, ದಿಬ್ಬದಲ್ಲಿ ಇನ್ನೊಂದು.

ಅಷ್ಟಕ್ಕೂ ವಯಸ್ಸಾದಂತೆ ಇದು ಇಳಿಯುವುದೇಕೆ? ಇದನ್ನು ತಯಾರಿಸುವ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಬರಿದಾಗಿರುವುದಿಲ್ಲ. ಮೇಲೆ ಕೂತ ಮಿದುಳಿನ ಭಾಗ ಹೈಪೊಥಾಲಮಸ್ ‘ಬಿಡು’ ಎನ್ನುವುದನ್ನು ಕಡಿಮೆ ಮಾಡಿ, ಸೊಮ್ಯಾಟೊಸ್ಟ್ಯಾಟಿನ್ ಎಂಬ ಹಾರ್ಮೋನಿನ ಮೂಲಕ ‘ತಡೆ’ ಎನ್ನುವುದನ್ನು ಹೆಚ್ಚಿಸುತ್ತದೆ. ನಿದ್ದೆ ಹತ್ತಿದ ಹೊಸತರ ಗಾಢ ನಿದ್ದೆಯಲ್ಲಿ ಬರುವ ದೊಡ್ಡ ಅಲೆಯೂ ನಿದ್ದೆಯ ಜೊತೆಗೇ ಕುಗ್ಗುತ್ತದೆ. ಒಟ್ಟಾರೆ ದಶಕಕ್ಕೆ ಸುಮಾರು 14% ಇಳಿಕೆ. ಹೊಟ್ಟೆಯ ಬೊಜ್ಜು ಇದನ್ನು ಇನ್ನಷ್ಟು ಅದುಮುತ್ತದೆ, ತೂಕ ಇಳಿಸಿದರೆ ಒಂದಷ್ಟು ವಾಪಸ್ ಬರುತ್ತದೆ. ಡಬ್ಬಿಯ ಮೇಲೆ ಇದನ್ನು ಏಕೆ ಬರೆಯುತ್ತಾರೆ!

‘ಕೊಬ್ಬು ಕರಗಿಸುವ ಹಾರ್ಮೋನು’ ಎಂಬ ಮಾತಿನಲ್ಲೂ ಅರ್ಧ ಸತ್ಯವೇ. ಕೊಬ್ಬಿನ ಕೋಶದಲ್ಲಿ ಅದು ಕೊಬ್ಬನ್ನು ಒಡೆಯುವುದು ನಿಜ. ಮಿದುಳಿನಲ್ಲಿ ಮಾತ್ರ ಬೇರೆಯೇ ಕೆಲಸ. ಹಸಿವು ಹುಟ್ಟಿಸುವ ಎಜಿಆರ್‌ಪಿ ನರಕೋಶಗಳಲ್ಲಿ ಈ ಹಾರ್ಮೋನಿಗೆ ಗ್ರಾಹಕಗಳಿವೆ (ಹಾರ್ಮೋನು ಬಂದು ಕೂರುವ ತಾಣ, ರಿಸೆಪ್ಟರ್). ಬ್ರೆಜಿಲ್‌ನ ಸಾವೊ ಪೌಲೊ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಪ್ರಕಟಿಸಿದ ಇಲಿಗಳ ಅಧ್ಯಯನದಲ್ಲಿ, ಆ ಕೋಶಗಳಿಂದ ಮಾತ್ರ ಗ್ರಾಹಕವನ್ನು ತೆಗೆದಾಗ, ಆಹಾರ ಕಡಿತದ ವೇಳೆ ಶಕ್ತಿ ಉಳಿಸಿಕೊಳ್ಳುವ ದೇಹದ ಹೊಂದಾಣಿಕೆಯೇ ಕೆಟ್ಟಿತು. ಎಂದರೆ ಕೊರತೆಯ ಕಾಲದಲ್ಲಿ ಈ ಹಾರ್ಮೋನು ಮಿದುಳಿಗೆ ಹೇಳುವುದು ‘ಉಳಿಸು’ ಎಂದು. ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ಹಾಗೇ ಅಂಟಿಸಬಾರದು ನಿಜ. ಆದರೆ ಡಯಟ್ ಮಾಡುತ್ತಾ ಬೂಸ್ಟರ್ ಸೇರಿಸಿದರೆ ಇಮ್ಮಡಿ ಲಾಭ ಎನ್ನುವ ಮಾರಾಟಗಾರನ ಸರಳ ಲೆಕ್ಕ ಇದರ ಮುಂದೆ ನಿಲ್ಲದು.

ಎಂಕೆ-677 (ಐಬುಟಮೊರೆನ್) ಹೊಟ್ಟೆಯ ಹಸಿವಿನ ಹಾರ್ಮೋನಾದ ಗ್ರೆಲಿನ್‌ನ ವೇಷ ಹಾಕಿ ಪಿಟ್ಯುಟರಿಯನ್ನು ಎಬ್ಬಿಸುತ್ತದೆ. ಔಷಧವಾಗಿ ಅನುಮತಿ ಪಡೆದದ್ದಲ್ಲ. 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 60 ದಾಟಿದ ಆರೋಗ್ಯವಂತರು ದಿನಕ್ಕೆ 25 ಮಿ.ಗ್ರಾಂ. ತೆಗೆದುಕೊಂಡಾಗ ಹಾರ್ಮೋನು ಯುವಕರ ಮಟ್ಟಕ್ಕೆ ಏರಿತು. ಕೊಬ್ಬಿಲ್ಲದ ದೇಹತೂಕವೂ ಒಂದು ಕಿಲೋದಷ್ಟು ಹೆಚ್ಚಿತು. ತೋಳು-ಕಾಲಿನ ಬಲ ಹೆಚ್ಚಲಿಲ್ಲ, ಹಸಿವು ಹೆಚ್ಚಿತು, ಖಾಲಿ ಹೊಟ್ಟೆಯ ಸಕ್ಕರೆ ಸುಮಾರು 5 ಅಂಕ (ಮಿ.ಗ್ರಾಂ./ಡೆಸಿಲೀಟರ್) ಮೇಲೇರಿತು. ಮನೆತನದಲ್ಲೇ ಸಕ್ಕರೆ ಕಾಯಿಲೆ ಇರುವವರಿಗೆ ಇದು ಕೆಟ್ಟ ವ್ಯಾಪಾರ.

ಇಂಜೆಕ್ಷನ್ನಿನ ಕಥೆಯೂ ಹೆಚ್ಚುಕಡಿಮೆ ಅದೇ. 2007ರಲ್ಲಿ ಆರೋಗ್ಯವಂತ ಹಿರಿಯರ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಸಿಕ್ಕಿದ್ದು: ಸುಮಾರು 2 ಕಿಲೋ ಕೊಬ್ಬು ಇಳಿಕೆ, 2 ಕಿಲೋ ಕೊಬ್ಬಿಲ್ಲದ ತೂಕ ಏರಿಕೆ, ಜೊತೆಗೆ ಕಾಲು ಬಾವು, ಕೀಲು ನೋವು, ಮಣಿಕಟ್ಟಿನ ನರ ಒತ್ತಿ ಬೆರಳು ಜೋಮು. ಆ ‘ಏರಿದ ತೂಕ’ದಲ್ಲಿ ನೀರಿನ ಪಾಲೂ ಇದೆ. ಅಮೆರಿಕದಲ್ಲಿ ಮುಪ್ಪು ತಡೆಯಲೆಂದು ಇದನ್ನು ಕೊಡುವುದೇ ಕಾನೂನುಬಾಹಿರ. ಪಿಟ್ಯುಟರಿ ಗಡ್ಡೆ, ಶಸ್ತ್ರಚಿಕಿತ್ಸೆ ಅಥವಾ ವಿಕಿರಣದಿಂದ ನಿಜವಾದ ಕೊರತೆ ಆದವರಿಗಾದರೆ ಇದು ಒಳ್ಳೆಯ ಔಷಧ. ಅವರಿಗೂ 60 ದಾಟಿದ್ದರೆ ದಿನಕ್ಕೆ 0.1–0.2 ಮಿ.ಗ್ರಾಂ.ನಿಂದ ಆರಂಭ. 1 ಮಿ.ಗ್ರಾಂ. ಅಂದರೆ 3 ಯೂನಿಟ್; ಜಿಮ್ಮಿನಲ್ಲಿ ಯೂನಿಟ್ಟನ್ನೂ ಮಿ.ಗ್ರಾಂ. ಅನ್ನೂ ಕಲಸಿದರೆ ಡೋಸ್ ಮೂರು ಪಟ್ಟಾಗುತ್ತದೆ. ಇಡುವುದು 2–8 ಡಿಗ್ರಿಯಲ್ಲಿ, ಫ್ರೀಜರ್‌ಗೆ ತಾಗದಂತೆ. ಪುಡಿ ಬಾಟಲಿಗೆ ದ್ರವ ಸೇರಿಸಿದ ಮೇಲೆ ಕುಲುಕಬಾರದು, ಪ್ರೋಟೀನ್ ಕೆಡುತ್ತದೆ, ಮೆಲ್ಲಗೆ ಹೊರಳಿಸಬೇಕು.

ಕಾಸು ಖರ್ಚು ಮಾಡಲೇಬೇಕೆಂದಿದ್ದರೆ, ಅದೂ ವೈದ್ಯರಿಗೆ ಕೊರತೆಯ ಅನುಮಾನ ಬಂದಿದ್ದರೆ, ಐಜಿಎಫ್-1 ರಕ್ತಪರೀಕ್ಷೆ ಮಾಡಿಸಿ. ಬೆಳವಣಿಗೆ ಹಾರ್ಮೋನಿನ ಮಾತು ಕೇಳಿ ಲಿವರ್ ತಯಾರಿಸುವ ಇದು ದಿನವಿಡೀ ಹೆಚ್ಚು ಏರಿಳಿಯದು, ಉಪವಾಸವೂ ಬೇಡ. ರಿಪೋರ್ಟಿನಲ್ಲಿ ನಿಮ್ಮ ವಯಸ್ಸಿನ ಮಿತಿಯನ್ನೇ ನೋಡಿ. 65ರವರ ಅಂಕಿಯನ್ನು 25ರವರ ಮಿತಿಗೆ ಹೋಲಿಸಿದರೆ ಎಲ್ಲರೂ ‘ಕೊರತೆ’ಯವರೇ. ಲಿವರ್ ಕಾಯಿಲೆ, ಅಪೌಷ್ಟಿಕತೆ, ಹತೋಟಿ ತಪ್ಪಿದ ಸಕ್ಕರೆ, ಈಸ್ಟ್ರೋಜನ್ ಮಾತ್ರೆ, ಇವೆಲ್ಲ ಅಂಕಿಯನ್ನು ತಗ್ಗಿಸುತ್ತವೆ. ಕೂದಲಿಗೆಂದು ನುಂಗುವ ಬಯೋಟಿನ್ ಕೆಲವು ಯಂತ್ರಗಳ ಫಲಿತಾಂಶವನ್ನೇ ಕೆಡಿಸುವುದರಿಂದ ಎರಡು-ಮೂರು ದಿನ ಮೊದಲೇ ನಿಲ್ಲಿಸಿ, ಲ್ಯಾಬಿನವರಿಗೂ ತಿಳಿಸಿ. ಆಮೇಲೂ ಕಡಿಮೆ ಬಂದರೆ ಮುಂದಿನದು ಎಂಡೋಕ್ರೈನಾಲಜಿಸ್ಟ್ (ಹಾರ್ಮೋನು ತಜ್ಞರು) ಮಾಡುವ ಪ್ರಚೋದನಾ ಪರೀಕ್ಷೆ. ಇನ್ಸುಲಿನ್ ಕೊಟ್ಟು ಸಕ್ಕರೆಯನ್ನು 40ಕ್ಕಿಂತ ಕೆಳಗಿಳಿಸುವ ಬಗೆಯಾದರೆ, ಮೂರ್ಛೆರೋಗ ಅಥವಾ ಹೃದಯದ ತೊಂದರೆ ಇರುವುದನ್ನು ಮೊದಲೇ ಹೇಳಿ. ಅಂಥವರಿಗೆ ಗ್ಲುಕಗಾನ್ ಎಂಬ ಹಾರ್ಮೋನು ಕೊಟ್ಟು ಮಾಡುವ ಪರೀಕ್ಷೆಯಂಥ ಬೇರೆ ದಾರಿ ಇದೆ.