ಆಡುವವರಿಗಾಗಿ ಒಂದು ಅಂಗಡಿ: ಮೈಸೂರಿನ ‘ಕ್ರೀಡಾ ಕೌಶಲ್ಯ’

ಚೌಕಾಬಾರದ ಹಾಸು ಎಲ್ಲಿ ಸಿಗುತ್ತೆ ಅಂತ ಯಾರು ಕೇಳಿದರೂ ನಾನು ಹೇಳುವುದು ಒಂದೇ ಜಾಗ: ಮೈಸೂರಿನ ನಜರ್‌ಬಾದ್‌ನಲ್ಲಿರುವ ಪ್ರತಿಮಾ ಗ್ಯಾಲರಿ. ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 2007ರಲ್ಲಿ ಶುರುಮಾಡಿ, ಎರಡು ವರ್ಷಕ್ಕೊಮ್ಮೆ ನಡೆಸುತ್ತಾ ಬಂದಿರುವ ‘ಕ್ರೀಡಾ ಕೌಶಲ್ಯ’ ಬರೀ ಪ್ರದರ್ಶನವಲ್ಲ, ಮಾರಾಟವೂ ಹೌದು. ಪಗಡೆ, ಅಳಗುಳಿ ಮಣೆ, ಆಡು-ಹುಲಿ, ನವಕಂಕರಿ ಎಲ್ಲವನ್ನೂ ಮನೆಗೆ ಒಯ್ಯಬಹುದು.

ಮೈಸೂರಿಗೂ ಈ ಆಟಗಳಿಗೂ ಹಳೇ ನಂಟು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮಣೆಯಾಟಗಳ ಹುಚ್ಚು ಎಷ್ಟಿತ್ತೆಂದರೆ ಹೊಸ ಹೊಸ ಆಟಗಳನ್ನು ತಾವೇ ಕಟ್ಟಿದರು. ಜಗನ್ಮೋಹನ ಅರಮನೆಗೆ ಹೋದವರು ಗೋಡೆಯ ಮೇಲಿನ ಆಟದ ಪಟಗಳನ್ನು ನೋಡಿಯೇ ಇರುತ್ತೀರಿ. ಅಲ್ಲಿ ಕಣ್ಣಲ್ಲಿ ನೋಡುವುದು ಮಾತ್ರ, ಇಲ್ಲಿ ಕವಡೆ ಕೈಗೆ ಸಿಗುತ್ತದೆ.

ನನಗೆ ತುಂಬಾ ಹಿಡಿಸಿದ್ದು, ಒಂದೇ ಆಟವನ್ನು ಬೇರೆ ಬೇರೆ ಕಸುಬಿನವರ ಕೈಯಲ್ಲಿ ಮಾಡಿಸುವ ರೀತಿ. ಮರದ ಕೆತ್ತನೆಯವರು, ಬಟ್ಟೆಯ ಮೇಲೆ ಚಿತ್ರ ಬರೆಯುವವರು, ಕಸೂತಿಯವರು, ಒಬ್ಬೊಬ್ಬರ ಚೌಕಾಬಾರವೂ ಬೇರೆ ಬೇರೆ. ಮನೆ ಮಾತ್ರ ಅವೇ ಇಪ್ಪತ್ತೈದು. ಕೈಕೆಲಸವಾದ್ದರಿಂದ ಪೇಟೆಯ ಲೂಡೊ ಬೋರ್ಡಿನ ರೇಟಿಗೆ ಸಿಗುವುದಿಲ್ಲ, ಸಿಗಲೂಬಾರದು. ನೋಡಲು ಬಂದವರೆಲ್ಲ ಫೋಟೊ ತೆಗೆದುಕೊಂಡು ಹೊರಟುಬಿಟ್ಟರೆ ಆ ಕುಶಲಕರ್ಮಿಗೆ ಮುಂದಿನ ಆರ್ಡರ್ ಕೊಡುವುದಾದರೂ ಹೇಗೆ?

ಒಂದು ಮನೆಗೆ ದುಬಾರಿ ಅನ್ನಿಸಿದರೆ ಒಟ್ಟಾಗಿ ಕೊಳ್ಳಿ. ನಮ್ಮ ಬೀದಿಯಲ್ಲಿ ಗಣೇಶನ ಹಬ್ಬದ ಚಂದಾದಲ್ಲಿ ಉಳಿದ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಚೌಕಾಬಾರ, ಆಡು-ಹುಲಿ, ಅಳಗುಳಿ ಮಣೆ ತಂದೆವು. ನಮ್ಮ ಜಗುಲಿಯ ಮೇಲೆ ಒಂದು ಟ್ರಂಕಿನಲ್ಲಿಟ್ಟಿದ್ದೇವೆ. ಬೇಕಾದವರು ನೋಟ್‌ಬುಕ್ಕಿನಲ್ಲಿ ಹೆಸರು ಬರೆದು ಒಯ್ಯುತ್ತಾರೆ. ಭಾನುವಾರ ಸಂಜೆ ಮಾತ್ರ ಯಾರೂ ಒಯ್ಯುವ ಹಾಗಿಲ್ಲ, ಎಲ್ಲರೂ ಇಲ್ಲೇ ಬಂದು ಆಡಬೇಕು. ಎದುರುಮನೆ ಅಜ್ಜಿ ನಾಲ್ಕು ಕವಡೆಯನ್ನು ಅಂಗೈಯಲ್ಲಿ ಕುಲುಕಿ ಬಿಟ್ಟರೆಂದರೆ ನಾಲ್ಕೂ ಅಂಗಾತ ಬಿದ್ದು ಚೌಕ, ಇಲ್ಲವೇ ನಾಲ್ಕೂ ಬೋರಲು ಬಿದ್ದು ಬಾರ! ಮಕ್ಕಳು ಕಣ್ಣು ಬಿಟ್ಟುಕೊಂಡು ನೋಡುತ್ತವೆ. “ಗಟ್ಟಿ ಕಟ್ಕೊಳ್ಳೋ ಮಗಾ, ಒಂಟಿ ಕಾಯಿ ಬಿಟ್ರೆ ಕಡಿದುಬಿಡ್ತೀನಿ” ಅಂತ ಎದುರಾಳಿಗೇ ಬುದ್ಧಿ ಹೇಳುತ್ತಾ ಆಡುತ್ತಾರೆ. ಗಟ್ಟಿ ಅಂದರೆ ಒಂದೇ ಮನೆಯಲ್ಲಿ ಜೋಡಿಯಾಗಿ ಕೂತ ಎರಡು ಕಾಯಿ. ಸೊಸೆ ಹೇಳುವ ಪ್ರಕಾರ, ಅಜ್ಜಿ ಈಗ ಭಾನುವಾರದ ಸಂಜೆ ಸೀರಿಯಲ್ ಹಾಕುವುದಿಲ್ಲ.

ಕೊಳ್ಳುವವರಿಗೆ ನಾಲ್ಕು ಮಾತು. ದಿನಾ ಆಡುವುದಕ್ಕೆ ಸಾದಾ ಬಟ್ಟೆಯ ಹಾಸು ಸಾಕು. ತುಂಬಾ ನಾಜೂಕಿನ ಕೆಲಸವಿರುವುದನ್ನು ತಂದರೆ ಮುಟ್ಟಲು ಭಯವಾಗಿ ಅದು ಶೋಕೇಸಿಗೆ ಹೋಗುತ್ತದೆ. ಬಟ್ಟೆಯ ಹಾಸು ಯಾವುದೇ ಆಗಲಿ, ಮಡಿಸಬೇಡಿ, ಸುತ್ತಿಡಿ. ಮಡಿಕೆ ಬಿದ್ದ ಕಡೆ ಕಾಯಿ ನಿಲ್ಲುವುದಿಲ್ಲ. ಕವಡೆಗಳನ್ನು ಕೊಳ್ಳುವ ಮುಂಚೆ ಒಮ್ಮೆ ಬಿಟ್ಟು ನೋಡಿ, ಕೆಲವು ಒಂದೇ ಮಗ್ಗುಲಿಗೆ ಬೀಳುತ್ತವೆ. ಅಳಗುಳಿ ಮಣೆಗೆ ಹುಣಸೆ ಬೀಜ ಮನೆಯಲ್ಲೇ ಇರುತ್ತದೆ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಗುಲಗಂಜಿ ಮಾತ್ರ ಬೇಡ, ಅದು ವಿಷ.

ಚೌಕಾಬಾರದ ನಿಯಮಗಳು ಊರಿಂದೂರಿಗೆ, ಮನೆಯಿಂದ ಮನೆಗೆ ಬೇರೆ. ಎದುರಾಳಿಯ ಒಂದು ಕಾಯಿಯನ್ನೂ ಕಡಿಯದೆ ಒಳಸುತ್ತಿನ ಮನೆಗಳಿಗೆ ಹೋಗಬಹುದೇ, ಗಟ್ಟಿಯನ್ನು ಗಟ್ಟಿಯೇ ಕಡಿಯಬೇಕೇ ಎಂಬುದನ್ನು ಆಟಕ್ಕೆ ಕೂರುವ ಮೊದಲೇ ಮಾತಾಡಿಕೊಳ್ಳಿ. ಕವಡೆಯ ಅದೃಷ್ಟವೇ ಇಲ್ಲದ ಆಟ ಬೇಕೆನ್ನುವ ಮಕ್ಕಳಿಗೆ ಆಡು-ಹುಲಿ ಕೊಡಿಸಿ. ಮೊದಲ ಸಲ ಅವರಿಗೆ ಆಡಿನ ಪಕ್ಷ ಬಿಟ್ಟುಕೊಟ್ಟು, ಹುಲಿಯನ್ನು ನೀವು ಆಡಿಸಿ.