ಮೇಲ್ಮೈ ಕೆಳಗಿನ ಡೋಪಂಟ್ ನೋಡಲು ಎಸ್‌ಟಿಎಂ ಬೇಕಾ, ಆಟಂ ಪ್ರೋಬ್ ಬೇಕಾ?

ಅರೆವಾಹಕದಲ್ಲಿ ಡೋಪಂಟ್ (ವಿದ್ಯುತ್ ಗುಣ ಬದಲಿಸಲು ಬೆರೆಸುವ ಬೇರೆ ಧಾತುವಿನ ಪರಮಾಣು) ಎಷ್ಟಿದೆ ಅಂತ ಮಾತ್ರ ತಿಳಿಯಬೇಕಾದರೆ ಸಿಮ್ಸ್ (ಅಯಾನುಗಳಿಂದ ಮೇಲ್ಮೈ ಕೆರೆದು, ಹೊರಬಂದ ಅಯಾನುಗಳನ್ನು ತೂಗಿ ಗುರುತಿಸುವ ವಿಧಾನ) ಸಾಕು. ಆದರೆ ಅದು ಕೊಡುವುದು ಸರಾಸರಿ. ಒಂದೊಂದು ಪರಮಾಣುವೂ ಕಾಣಬೇಕು ಅಂದರೆ ಮುಖ್ಯ ದಾರಿಗಳಲ್ಲಿ ಎರಡು ಎಸ್‌ಟಿಎಂ ಮತ್ತು ಆಟಂ ಪ್ರೋಬ್.

ಎಸ್‌ಟಿಎಂ ಅಂದರೆ ಚೂಪು ಮೊನೆ ಮತ್ತು ಮೇಲ್ಮೈ ನಡುವಿನ ಸಣ್ಣ ಅಂತರವನ್ನು ಎಲೆಕ್ಟ್ರಾನ್‌ಗಳು ದಾಟುವ ಸುರಂಗ ಪ್ರವಾಹ ಅಳೆದು ಚಿತ್ರ ಕೊಡುವ ಸೂಕ್ಷ್ಮದರ್ಶಕ. ಅದಕ್ಕೆ ಗ್ಯಾಲಿಯಂ ಆರ್ಸೆನೈಡ್ ಚೆನ್ನಾಗಿ ಒಗ್ಗುತ್ತದೆ. ಅತಿ ಹೆಚ್ಚಿನ ನಿರ್ವಾತದಲ್ಲಿ ಹರಳನ್ನು ಸೀಳಿದಾಗ ಸಿಗುವ (110) ಮುಖದಲ್ಲಿ (ಆವರಣದ ಅಂಕಿ ಹರಳಿನ ಮುಖದ ದಿಕ್ಕು), ಬ್ಯಾಂಡ್ ಗ್ಯಾಪ್‌ನೊಳಗೆ (ಹರಳಿನೊಳಗೆ ಎಲೆಕ್ಟ್ರಾನ್‌ಗೆ ಅವಕಾಶವಿಲ್ಲದ ಶಕ್ತಿಯ ಅಂತರ) ಮೇಲ್ಮೈಗೆ ಮಾತ್ರ ಸೇರಿದ ಎಲೆಕ್ಟ್ರಾನ್ ಸ್ಥಿತಿಗಳ ಅಡ್ಡಿ ಇರುವುದಿಲ್ಲ. ಹಾಗಾಗಿ ಕೆಲವು ಪದರ ಕೆಳಗಿರುವ ಸಿಲಿಕಾನ್ ದಿಬ್ಬದಂತೆ ಕಾಣುತ್ತದೆ, ಸತು ತ್ರಿಕೋನದಂತೆ. ಸಿಲಿಕಾನ್ (100) ಆದರೆ ಈ ಅಡ್ಡಿ ತೆಗೆಯಲು ಮೊದಲು ಹೈಡ್ರೋಜನ್ ಹೊದಿಸಬೇಕು. ಒಂದು ಮಾತು ನೆನಪಿರಲಿ: ಇಲ್ಲಿ ಕಾಣುವುದು ಪರಮಾಣುವಲ್ಲ, ಅದರ ವಿದ್ಯುದಂಶ ಮತ್ತು ಎಲೆಕ್ಟ್ರಾನ್ ಅಲೆ ಸುರಂಗ ಪ್ರವಾಹವನ್ನು ಬದಲಿಸಿದ ಗುರುತು. ವೋಲ್ಟೇಜ್ ಬದಲಿಸಿದರೆ ಚಿತ್ರವೂ ಬದಲಾಗುತ್ತದೆ. ನನಗೆ ಇದರ ದೊಡ್ಡ ಬೆಲೆ ಇಲ್ಲೇ ಇದೆ. ಡೋಪಂಟ್ ಸುತ್ತ ಎಲೆಕ್ಟ್ರಾನ್ ಹೇಗಿದೆ ಅಂತ ನೇರವಾಗಿ ತಿಳಿಯುತ್ತದೆ.

ಆಟಂ ಪ್ರೋಬ್ ಸೂಜಿಯಂಥ ಮಾದರಿಯಿಂದ ಪರಮಾಣುಗಳನ್ನು ಒಂದೊಂದಾಗಿ ಕಿತ್ತು, ಯಾವ ಧಾತು ಅಂತ ಗುರುತಿಸಿ, ಮೂರು ಆಯಾಮದ ನಕ್ಷೆ ಕೊಡುತ್ತದೆ. ಆದರೆ ಒಂದಿಷ್ಟು ಪರಮಾಣುಗಳು ಎಣಿಕೆಗೆ ಸಿಗುವುದಿಲ್ಲ, ಮಾದರಿಯೂ ಉಳಿಯುವುದಿಲ್ಲ.

ಹತ್ತಾರು ನ್ಯಾನೋಮೀಟರ್ ಆಳದ ಹಂಚಿಕೆ ಬೇಕಾದರೆ ಆಟಂ ಪ್ರೋಬ್. ಕ್ವಾಂಟಂ ಬಿಟ್‌ಗಾಗಿ (ಕ್ವಾಂಟಂ ಕಂಪ್ಯೂಟರಿನ ಮಾಹಿತಿ ಘಟಕ) ಸಿಲಿಕಾನ್‌ನೊಳಗಿನ ಒಂಟಿ ರಂಜಕದ ಸ್ವಭಾವ ತಿಳಿಯಬೇಕಾದರೆ ಎಸ್‌ಟಿಎಂ ಆರಿಸಿ, ಅದೂ ದ್ರವ ಹೀಲಿಯಂನಷ್ಟು ತಣ್ಣಗಿನ ಯಂತ್ರ ಸಿಕ್ಕರೆ.