ನಿದ್ದೆ ಅಳೆಯುವ ಸ್ಮಾರ್ಟ್ ಬ್ಯಾಂಡ್: ಕನಸಿನ ಆಸೆಗೆ ಹದಿನಾಲ್ಕು ತಿಂಗಳು ಕಟ್ಟಿಕೊಂಡ ಮೇಲೆ

ಕಳೆದ ಹದಿನಾಲ್ಕು ತಿಂಗಳಿಂದ ಪ್ರತಿ ರಾತ್ರಿ ಎಡಗೈಗೆ ಒಂದು ಸ್ಮಾರ್ಟ್ ಬ್ಯಾಂಡ್ ಕಟ್ಟಿಕೊಂಡು ಮಲಗುತ್ತಿದ್ದೇನೆ. ಹೆಜ್ಜೆ ಎಣಿಸುವುದು ನನ್ನ ಉದ್ದೇಶವಾಗಿರಲಿಲ್ಲ. ಏನೋ ಕನಸು ಬಿದ್ದಿತ್ತು ಎಂಬಷ್ಟು ಮಾತ್ರ ನೆನಪಿನಲ್ಲಿ ಉಳಿದು, ಹಲ್ಲುಜ್ಜಿ ಮುಗಿಸುವಷ್ಟರಲ್ಲಿ ಅದೂ ಮಾಸಿಹೋಗುತ್ತಿದ್ದ ನನಗೆ, ಕನಸಿನ ಹಂತದಲ್ಲಿಯೇ ಮೆಲ್ಲಗೆ ಎಬ್ಬಿಸಿ ಅದನ್ನು ದಾಖಲಿಸಲು ನೆರವಾಗುತ್ತದೆ ಎಂಬ ಜಾಹೀರಾತಿನ ಮಾತು ಹಿಡಿಸಿತು. ಕಂಪನಿಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಮಣಿಕಟ್ಟಿಗೆ ಕಟ್ಟುವ ಸಾಧನಗಳು ನಿದ್ದೆಯನ್ನು ಅಳೆಯುವ ರೀತಿ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಹೆಸರಿಗಿಂತ ಆ ರೀತಿಯನ್ನು ತಿಳಿಯುವುದು ಕೊಳ್ಳುವವರಿಗೆ ಹೆಚ್ಚು ಉಪಯುಕ್ತ.

ಜಾಹೀರಾತಿನ ಮಾತು ಪೂರ್ತಿ ಬುಡವಿಲ್ಲದ್ದೇನಲ್ಲ. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್ಮನ್ ಅವರು, ಮಲಗಿದವರ ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗುಡ್ಡೆಗಳು ಚುರುಕಾಗಿ ಓಡಾಡುವ ಅವಧಿಗಳನ್ನು ಗುರುತಿಸಿ, ಆ ಹೊತ್ತಿನಲ್ಲಿ ಎಬ್ಬಿಸಿದವರು ಬಹಳ ಸಲ ಕನಸನ್ನು ವಿವರವಾಗಿ ಹೇಳುತ್ತಾರೆಂದು ತೋರಿಸಿದರು. ರೆಮ್ ಎಂದು ಹೆಸರಾದ ಈ ನಿದ್ದೆ ಸುಮಾರು 90 ನಿಮಿಷಗಳಿಗೊಮ್ಮೆ ಮರುಕಳಿಸುತ್ತದೆ. ರಾತ್ರಿಯ ಮೊದಲ ಸುತ್ತಿನಲ್ಲಿ ಕೆಲವೇ ನಿಮಿಷ ಇರುವ ಅದು ಬೆಳಗಾಗುತ್ತ ಬಂದಂತೆ ಉದ್ದವಾಗುತ್ತದೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂದು ನಮ್ಮಮ್ಮ ಇಂದಿಗೂ ನಂಬುತ್ತಾರೆ. ನಿಜವಾಗುವ ಸಂಗತಿ ನನಗೆ ಗೊತ್ತಿಲ್ಲ, ಆದರೆ ಆ ಜಾವದ ಕನಸೇ ಜನರ ನೆನಪಿನಲ್ಲಿ ಹೆಚ್ಚಾಗಿ ಉಳಿದು ಮಾತಿಗೆ ಬರುವುದಕ್ಕೆ ಕಾರಣ ಇಲ್ಲಿದೆ. ರೆಮ್ ಅಲ್ಲದ ನಿದ್ದೆಯಲ್ಲಿಯೂ ಕನಸು ಬೀಳುತ್ತದೆಂಬುದನ್ನು ಜಾಹೀರಾತು ಹೇಳುವುದಿಲ್ಲ.

ತೊಡಕಿರುವುದು ಅಳತೆಯಲ್ಲಿ. ಪ್ರಯೋಗಾಲಯದಲ್ಲಿ ರೆಮ್ ನಿದ್ದೆಯನ್ನು ಗುರುತಿಸಲು ತಲೆಗೆ, ಕಣ್ಣಿನ ಪಕ್ಕಕ್ಕೆ ಮತ್ತು ಗದ್ದಕ್ಕೆ ವಿದ್ಯುದ್ವಾರಗಳನ್ನು ಅಂಟಿಸಿ, ಮಿದುಳಿನ ಅಲೆ, ಕಣ್ಣಿನ ಚಲನೆ ಮತ್ತು ಸ್ನಾಯುಗಳ ಬಿಗುವನ್ನು ಒಟ್ಟಿಗೆ ದಾಖಲಿಸುತ್ತಾರೆ. ನನ್ನ ಬ್ಯಾಂಡಿಗೆ ಈ ಮೂರರಲ್ಲಿ ಒಂದೂ ಕಾಣುವುದಿಲ್ಲ. ಕೈ ಅಲುಗಾಡಿದ್ದನ್ನೂ, ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು ನಾಡಿಯ ಏರಿಳಿತವನ್ನೂ ತಿಳಿದುಕೊಂಡು, ಈಗ ರೆಮ್ ಇರಬಹುದು ಎಂದು ಅದು ಊಹಿಸುತ್ತದೆ. ಅಲುಗಾಡದೆ ಎಚ್ಚರವಾಗಿ ಮಲಗಿ ಬ್ಯಾಂಕಿನ ಕಂತಿನ ಲೆಕ್ಕ ಹಾಕುತ್ತಿದ್ದ ಅರ್ಧ ಗಂಟೆಯನ್ನು ನನ್ನ ಆಪ್ ಒಮ್ಮೆ ಸೊಗಸಾದ ನೇರಳೆ ಪಟ್ಟಿಯಲ್ಲಿ ಕನಸಿನ ಹೊತ್ತು ಎಂದು ತೋರಿಸಿತ್ತು.

ಎಚ್ಚರಿಸುವ ಸೌಲಭ್ಯವನ್ನು ಮೊದಲ ಮೂರು ತಿಂಗಳು ಶ್ರದ್ಧೆಯಿಂದ ಬಳಸಿದೆ. ಬ್ಯಾಂಡ್ ಕಂಪಿಸುತ್ತಿತ್ತು, ಅದನ್ನು ನಿಲ್ಲಿಸಲು ಕೈ ಎತ್ತುತ್ತಿದ್ದೆ, ಕನಸನ್ನು ಆಪ್‌ನಲ್ಲಿ ಬರೆಯಲೆಂದು ಫೋನ್ ಹುಡುಕುತ್ತಿದ್ದೆ, ಪರದೆಯ ಬೆಳಕು ಕಣ್ಣಿಗೆ ಹೊಡೆಯುವಷ್ಟರಲ್ಲಿ ಬರೆಯಲು ಏನೂ ಉಳಿದಿರುತ್ತಿರಲಿಲ್ಲ. ಇದು ನನ್ನೊಬ್ಬನ ದೌರ್ಬಲ್ಯ ಎಂದುಕೊಂಡಿದ್ದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ವಿಟನ್ ಕಾಲ್ಕಿನ್ಸ್ ತಲೆದಿಂಬಿನ ಬಳಿ ಕಾಗದ, ಪೆನ್ಸಿಲ್, ಮೇಣದಬತ್ತಿ ಮತ್ತು ಬೆಂಕಿಕಡ್ಡಿ ಇಟ್ಟುಕೊಂಡು 55 ರಾತ್ರಿಗಳಲ್ಲಿ 205 ಕನಸುಗಳನ್ನು ದಾಖಲಿಸಿ 1893ರಲ್ಲಿ ಪ್ರಕಟಿಸಿದರು. ಕಾಗದಕ್ಕೆ ಕೈಚಾಚುವ ಅಥವಾ ಬತ್ತಿ ಹಚ್ಚುವ ಸಣ್ಣ ಚಲನೆಯಿಂದಲೇ ಕನಸು ಚದುರಿಹೋಗುವುದುಂಟು ಎಂದು ಅವರು ಆಗಲೇ ಬರೆದಿದ್ದಾರೆ. ಅವರ ಬೆಂಕಿಕಡ್ಡಿಯ ಜಾಗಕ್ಕೆ ನನ್ನ ಫೋನ್ ಬಂದಿತ್ತು, ಅಷ್ಟೇ.

ರೆಮ್ ನಿದ್ದೆಯಲ್ಲಿ ಮಿದುಳಿನ ನಾರ್‌ಅಡ್ರಿನಲಿನ್ ಮಟ್ಟ ಬಹಳ ಇಳಿದಿರುತ್ತದೆ. ನೆನಪು ಗಟ್ಟಿಯಾಗಲು ನೆರವಾಗುವ ರಾಸಾಯನಿಕಗಳಲ್ಲಿ ಅದೂ ಒಂದಾದ್ದರಿಂದ, ಕನಸುಗಳು ಇಷ್ಟು ಬೇಗ ಅಳಿಸಿಹೋಗುವುದಕ್ಕೆ ಈ ಇಳಿತವೂ ಒಂದು ಕಾರಣವಿರಬಹುದೆಂದು ಭಾವಿಸಲಾಗಿದೆ. ಇದನ್ನು ಓದಿದ ಮೇಲೆ ಕ್ರಮ ಬದಲಿಸಿದೆ. ಕಂಪನವನ್ನು ನಿಲ್ಲಿಸಿ, ತಾನಾಗಿ ಎಚ್ಚರವಾದಾಗ ಕಣ್ಣು ತೆರೆಯದೆ, ಮಗ್ಗುಲು ಬದಲಿಸದೆ, ಕನಸಿನ ಕೊನೆಯ ದೃಶ್ಯದಿಂದ ಹಿಂದಕ್ಕೆ ಒಂದೊಂದಾಗಿ ನೆನೆದುಕೊಂಡು, ಆಮೇಲೆ ಮಾತ್ರ ದಿಂಬಿನ ಪಕ್ಕದ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕತ್ತಲಲ್ಲಿಯೇ ನಾಲ್ಕು ಪದ ಗೀಚತೊಡಗಿದೆ. ಮೊದಲು ತಿಂಗಳಿಗೆ ಎರಡೋ ಮೂರೋ ದಕ್ಕುತ್ತಿದ್ದ ಕನಸುಗಳು ಈಗ ವಾರಕ್ಕೆ ಅಷ್ಟು ದಕ್ಕುತ್ತವೆ.

ಬ್ಯಾಂಡಿನ ಮೇಲಿನ ನನ್ನ ನಿಜವಾದ ತಕರಾರು ಅದು ಕೊಡುವ ಅಂಕದ ಬಗ್ಗೆ. ಫ್ರಾನ್ಸಿನ ಲಿಯಾನ್‌ನಲ್ಲಿ ಪೆರಿನ್ ರುಬಿ ಅವರ ತಂಡ, ಕನಸು ಚೆನ್ನಾಗಿ ನೆನಪಿರುವವರು ರಾತ್ರಿಯ ನಡುವೆ ಒಟ್ಟು ಸುಮಾರು 30 ನಿಮಿಷ ಎಚ್ಚರವಾಗಿರುತ್ತಾರೆಂದೂ, ಅಪರೂಪಕ್ಕೆ ನೆನಪಿರುವವರು ಅದರ ಅರ್ಧದಷ್ಟೇ ಎಚ್ಚರವಾಗಿರುತ್ತಾರೆಂದೂ ಕಂಡುಕೊಂಡಿತು. ಅಂದರೆ ನಡುರಾತ್ರಿಯ ಸಣ್ಣ ಎಚ್ಚರಗಳೇ ಕನಸಿಗೆ ನೆನಪಿನೊಳಗೆ ದಾರಿ ಮಾಡಿಕೊಡುತ್ತಿರಬಹುದು. ನನ್ನ ಆಪ್ ಮಾತ್ರ ಅಂಥ ಪ್ರತಿ ಎಚ್ಚರಕ್ಕೂ ಅಂಕ ಕಳೆಯುತ್ತದೆ. ನೋಟ್‌ಬುಕ್ಕಿನಲ್ಲಿ ಎರಡು ಪುಟ ತುಂಬಿದ ರಾತ್ರಿಗೆ 61 ಅಂಕ ಬಂದು, ನಿದ್ದೆ ಸುಧಾರಿಸಿಕೊಳ್ಳಿ ಎಂಬ ಉಪದೇಶವೂ ಬಂದಿತ್ತು. ಕೊರಡಿನಂತೆ ಬಿದ್ದುಕೊಂಡು ಏನೂ ನೆನಪಿಲ್ಲದೆ ಎದ್ದ ದಿನ 92. ಕನಸಿನ ಹೆಸರಿನಲ್ಲಿ ಮಾರಿದ ಸಾಧನವೊಂದು ಕನಸು ದಕ್ಕಿದ ರಾತ್ರಿಗಳನ್ನೇ ಕೆಟ್ಟ ರಾತ್ರಿಗಳೆಂದು ಎಣಿಸುವುದು ವಿಚಿತ್ರ.

ಉಳಿದಂತೆ, ಬ್ಯಾಟರಿ ಈಗಲೂ ಒಂದು ವಾರ ಬರುತ್ತದೆ. ಬೇಸಿಗೆಯಲ್ಲಿ ಪಟ್ಟಿಯ ಕೆಳಗೆ ಬೆವರಿ ನವೆಯಾಗುತ್ತದೆ. ಆಪ್‌ನ ಕನಸಿನ ದಿನಚರಿ ಆರು ತಿಂಗಳ ನಂತರ ಚಂದಾ ಕೇಳಿತು. ಕಟ್ಟದಿದ್ದುದರಿಂದ ಅಲ್ಲಿ ಬರೆದ ಹನ್ನೊಂದು ಕನಸುಗಳು ಈಗ ನನಗೇ ತೆರೆಯುವುದಿಲ್ಲ. ಮಲಗುವ ಮತ್ತು ಏಳುವ ಹೊತ್ತನ್ನು ಮಾತ್ರ ಇದು ನಂಬುವ ಮಟ್ಟಿಗೆ ದಾಖಲಿಸುತ್ತದೆ, ತಡವಾಗಿ ಮಲಗಿ ಅಲಾರಾಂಗೆ ಏಳುವ ದಿನಗಳಲ್ಲಿ ಬೆಳಗಿನ ಜಾವದ ಉದ್ದನೆಯ ರೆಮ್ ಹೊತ್ತನ್ನೇ ಕತ್ತರಿಸಿಕೊಳ್ಳುತ್ತಿದ್ದೇನೆಂದು ನನಗೆ ಮನವರಿಕೆಯಾದದ್ದು ಆ ದಾಖಲೆಯಿಂದಲೇ. ಅದಕ್ಕಾಗಿ ಐದರಲ್ಲಿ ಎರಡೂವರೆ ನಕ್ಷತ್ರ ಕೊಡುತ್ತೇನೆ.